ಗೋಡೆಯ ಗೆರೆ, ಹಳ್ಳದ ದಾರಿ: ಮಲಪ್ರಭೆ ದಂಡೆಯ ಒಂದು ಮನೆಯ ಪ್ರಕರಣ

ನೆರೆ ಕಂಡ ಊರುಗಳಲ್ಲಿ ಪ್ರತಿ ಮನೆಯೂ ಒಂದು ನೆನಪನ್ನು ಇಟ್ಟುಕೊಂಡಿರುತ್ತದೆ. ನೀರು ಎಲ್ಲಿಯ ತನಕ ಬಂತು, ಏನು ಹೋಯಿತು, ಯಾರು ಮಾಳಿಗೆ ಹತ್ತಿದರು. ಮುಂದಿನ ಸಲ ಹೊಳೆ ಬಂದಾಗ ಮನೆಯವರು ಏನು ಮಾಡುತ್ತಾರೆ ಅನ್ನುವುದು ಬಹುಪಾಲು ಈ ನೆನಪಿನ ಮೇಲೇ ನಿಂತಿರುತ್ತದೆ. ಹಾಗಾದರೆ ಯಾರ ನೆನಪು? ದೊಡ್ಡವರದೋ, ಆಗ ಚಿಕ್ಕವರಿದ್ದ ಮಕ್ಕಳದೋ? ಈ ಪ್ರಕರಣವನ್ನು ಬರೆದಿಡಲು ಆ ಪ್ರಶ್ನೆಯೇ ಕಾರಣ.

ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹುಡುಗಿಯನ್ನು ಇಲ್ಲಿ ಸವಿತಾ ಎಂದು ಕರೆದಿದ್ದೇನೆ, ಅದು ಅವಳ ಹೆಸರಲ್ಲ. ಊರಿನ ಹೆಸರು ಬಿಟ್ಟಿದ್ದೇನೆ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ತಿದ್ದಿದ್ದೇನೆ. ಯಾವಾಗ ಯಾರು ಏನು ನಿರ್ಧಾರ ಮಾಡಿದರು ಅನ್ನುವುದನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ಊರು ಮತ್ತು ಹೊಳೆ

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುವೆ ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು. ಈ ಊರು ಅಣೆಕಟ್ಟಿನ ಕೆಳಗಿನ ಎರೆಭೂಮಿಯಲ್ಲಿದೆ. ಬೆಣ್ಣೆಹಳ್ಳ ಹೊಳೆಗೆ ಕೂಡುವ ಜಾಗ ಇಲ್ಲಿಂದ ದೂರವಿಲ್ಲ.

ಅಣೆಕಟ್ಟು ಆದ ಮೇಲೆ ಕೆಳಗಿನ ಹೊಳೆ ವರ್ಷದ ಜಾಸ್ತಿ ದಿನ ಬತ್ತಿಯೇ ಇರುತ್ತದೆ. ಪಾತ್ರದೊಳಗೆ ಜಾಲಿ ಕಂಟಿ ಬೆಳೆಯಿತು. ದಂಡೆಯ ಹೊಲಗಳು ವರ್ಷ ವರ್ಷ ಒಂದಿಷ್ಟು ಒಳಗೆ ಸರಿದವು. ಹೊಳೆಯ ನಿಜವಾದ ಅಗಲ ಎಷ್ಟು ಅನ್ನುವುದು ಹೊಸ ತಲೆಮಾರಿಗೆ ಗೊತ್ತೇ ಇಲ್ಲ. ನೀರು ಒಮ್ಮೆಲೇ ಬಂದಾಗ ಅದಕ್ಕೆ ತನ್ನ ಹಳೆಯ ಜಾಗ ಸಿಗುವುದಿಲ್ಲ, ಪಕ್ಕಕ್ಕೆ ಹರಡುತ್ತದೆ.

ಸವಿತಾಳ ಮನೆ ಕಲ್ಲಿನ ಬುನಾದಿಯ ಮಣ್ಣಿನ ಮನೆ. ಮೇಲೆ ಮಣ್ಣಿನ ಮಾಳಿಗೆ, ಮುಂದೆ ಕಟ್ಟೆ, ಒಳಗೆ ಪಡಸಾಲೆ, ಒಂದು ಬದಿಗೆ ದನ ಕಟ್ಟುವ ಜಾಗ. ಅಂಗಳದಲ್ಲಿ ಜೋಳ ತುಂಬಿದ ಹಗೇವು, ಅಂದರೆ ನೆಲದೊಳಗಿನ ಕಾಳಿನ ಕುಳಿ. ಊರಿನಿಂದ ಎತ್ತರದ ನೆಲಕ್ಕೆ ಹೋಗಲು ಇರುವುದು ಒಂದೇ ದಾರಿ. ಅದು ಒಂದು ಸಣ್ಣ ಹಳ್ಳವನ್ನು ತಗ್ಗಿನ ಸೇತುವೆಯ ಮೇಲೆ ದಾಟುತ್ತದೆ. ಈ ಸೇತುವೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಅದರ ಸುತ್ತಲೇ ಇದೆ.

2009ಕ್ಕಿಂತ ಮೊದಲು ಸವಿತಾಗೆ ಮಳೆಗಾಲ ಅಂದರೆ ಹಬ್ಬವೇ. ಮಣ್ಣೆತ್ತಿನ ಅಮಾವಾಸ್ಯೆಗೆ ಅಜ್ಜ ದಂಡೆಯ ಎರೆಮಣ್ಣು ತಂದು ಎತ್ತು ಮಾಡಿಕೊಡುತ್ತಿದ್ದರು. ಆಮೇಲಿನ ಮಂಗಳವಾರಗಳಲ್ಲಿ ಓಣಿಯ ಹುಡುಗಿಯರೆಲ್ಲ ಸೇರಿ ಮಣ್ಣಿನ ದೇವಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬೆ ಒತ್ತಿ ಸಿಂಗರಿಸುತ್ತಿದ್ದರು. ಪಂಚಮಿಗೆ ಜೋಕಾಲಿ, ಉಂಡಿ. ಹೊಳೆ ಕೆಂಪಾಗಿ ತುಂಬಿ ಬಂದರೆ ಅವ್ವ, ಅಜ್ಜಿ ಗಂಗವ್ವನಿಗೆ ಉಡಿ ತುಂಬಲು ಹೋಗುತ್ತಿದ್ದರು. ಅವರ ಹಿಂದೆ ಇವಳು. "ಹೊಳಿ ಬಂದೈತಿ" ಅನ್ನುವ ಮಾತು ಆ ಮನೆಯಲ್ಲಿ ಆಗ ಸಂತೋಷದ ಸುದ್ದಿ. ಇದನ್ನು ಹೇಳಲೇಬೇಕು. ಹೊಳೆಯನ್ನು ಹೆದರಿಕೆಯಿಂದಷ್ಟೇ ನೋಡುವವರು ಹೊಳೆ ದಂಡೆಯ ಜನ ಯಾಕೆ ಊರು ಬಿಡುವುದಿಲ್ಲ ಅಂತ ಎಂದೂ ಅರ್ಥ ಮಾಡಿಕೊಳ್ಳಲಾರರು.

2009ರ ಹಸ್ತ ಮಳೆ

ಆ ವರ್ಷ ವಿಜಯದಶಮಿ ಸೆಪ್ಟೆಂಬರ್ 28ಕ್ಕೆ ಬಂದಿತ್ತು. ಸವಿತಾ ನಾಲ್ಕನೇ ತರಗತಿ. ಬನ್ನಿ ಕೊಟ್ಟು ಬಂದ ಮರುದಿನಗಳಲ್ಲೇ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಮಳೆ ಅದು. ಘಟ್ಟದಲ್ಲಿ ಸುರಿಯುವ ಬದಲು ಉತ್ತರ ಕರ್ನಾಟಕದ ಒಣ ಬಯಲಿನ ಮೇಲೇ ಸುರಿಯಿತು. ಅಕ್ಟೋಬರ್ ಮೊದಲ ದಿನಗಳ ಹೊತ್ತಿಗೆ ಹಳ್ಳಕೊಳ್ಳಗಳೆಲ್ಲ ಹೊಳೆಗಳಾಗಿದ್ದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕಿತ್ತು ಹೊಲದಲ್ಲಿ ಗುಂಪು ಹಾಕಿದ್ದ ಉಳ್ಳಾಗಡ್ಡಿ ತೇಲಿಹೋಯಿತು.

ಆ ದಿನದ ಬಗ್ಗೆ ಸವಿತಾ ಹೇಳುವುದು ಹೀಗೆ. ಮಾಳಿಗೆಯ ಬೆಳಕಿಂಡಿಯಿಂದ ನೀರು ಸೋರುತ್ತಿತ್ತು. ತಗಡು ಮುಚ್ಚಿ ಬಾ ಅಂತ ಅವ್ವ ಅವಳನ್ನು ಏಣಿ ಹತ್ತಿಸಿದಳು. ಮೇಲೆ ನಿಂತು ನೋಡಿದರೆ ಹಳ್ಳದ ಮೇಲಿನ ದಾರಿ ಕಾಣಲಿಲ್ಲ. ದಾರಿ ಇದ್ದಲ್ಲಿ ರಾಡಿ ನೀರು. "ಅವ್ವಾ, ದಾರಿ ಇಲ್ಲ" ಅಂತ ಕೂಗಿದಳು. ಕೆಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮನೆಯೊಳಗೆ ಒಂದು ಹನಿ ನೀರೂ ಬಂದಿರಲಿಲ್ಲ. ಹುಡುಗಿ ಏನೋ ಹೇಳುತ್ತಾಳೆ ಅಂತ ಯಾರೂ ಕಿವಿಗೊಡಲಿಲ್ಲ.

ಸಂಜೆ ಹೊತ್ತಿಗೆ ಪಡಸಾಲೆಗೆ ನೀರು ನುಗ್ಗಿತು. ಎಲ್ಲರೂ ಮಾಳಿಗೆ ಹತ್ತಿ ತಾಡಪತ್ರಿ ಹೊದ್ದು ಕುಳಿತರು. ಎತ್ತುಗಳನ್ನು ಬಿಚ್ಚಿದ್ದರು, ಒಂದು ಎಮ್ಮೆಯ ಹಗ್ಗ ಮಾತ್ರ ನೀರೊಳಗೆ ಬಿಗಿದು ಬಿಚ್ಚಲು ಬರಲಿಲ್ಲ. ಅದು ನಡುರಾತ್ರಿಯ ತನಕ ಒದರಿತು. ಮಕ್ಕಳು ಕೇಳುತ್ತಲೇ ಇದ್ದರು. ನೀರು ಇಳಿದ ಮೇಲೆ ಹಗೇವು ತೆಗೆದಾಗ ಜೋಳವೆಲ್ಲ ಹುಳಿತು ಕಪ್ಪಾಗಿತ್ತು. ಆ ನಾತ ಓಣಿ ಬಿಟ್ಟು ಹೋಗಲು ತಿಂಗಳುಗಳೇ ಬೇಕಾದವು.

ಒಂದು ಮನೆ, ಎರಡು ನೆನಪು

ದೊಡ್ಡವರು ಈ ನೆರೆಯನ್ನು ಗೋಡೆಯ ಮೇಲೆ ಉಳಿಸಿಕೊಂಡರು. ನೀರು ದೀಪದ ಗೂಡಿನ ತನಕ ಬಂದು ನಿಂತಿತ್ತು. ಆ ಕಲೆಯ ಗುಂಟ ಅಜ್ಜ ಮೊಳೆಯಿಂದ ಗೆರೆ ಎಳೆದರು. ಸುಣ್ಣ ಬಳಿಯುವಾಗಲೂ ಗೆರೆ ಮುಚ್ಚದ ಹಾಗೆ ನೋಡಿಕೊಂಡರು. ಅಪ್ಪ ಸಾಲ ಮಾಡಿ ನೆಲ ಎತ್ತರಿಸಿದರು, ಗೆರೆಗಿಂತ ಮೇಲೆ ಅಟ್ಟ ಕಟ್ಟಿಸಿದರು. ಅಜ್ಜನ ಬಾಲ್ಯದಲ್ಲಿ, ಅಣೆಕಟ್ಟು ಇಲ್ಲದ ಕಾಲದಲ್ಲಿ, ಹೊಳೆ ಅಗಸಿಯ ತನಕ ಬಂದು ಹಿಂದಿರುಗುತ್ತಿತ್ತಂತೆ. ಅದಕ್ಕಿಂತ ದೊಡ್ಡದು 2009ರದು. ಹಾಗಾಗಿ ಇದೇ ಕಡೆಯ ಮಟ್ಟ ಅಂತ ಅವರು ನಂಬಿದರು. "ಹೊಳಿ ಈ ಗೆರಿ ದಾಟಂಗಿಲ್ಲ" ಅನ್ನುವುದು ಮನೆಯ ಮಾತಾಯಿತು.

ಸವಿತಾಳ ನೆನಪಿನಲ್ಲಿ ಗೋಡೆಗೆ ಜಾಗವೇ ಇರಲಿಲ್ಲ. ಅವಳಿಗೆ ಉಳಿದದ್ದು ಕಾಣೆಯಾದ ದಾರಿ, ಕಟ್ಟಿದ್ದ ಎಮ್ಮೆ. ಜೋರು ಮಳೆಯ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಳೆ ಹಿಡಿದರೆ ಮಾಳಿಗೆ ಹತ್ತಿ ಹಳ್ಳದ ಕಡೆ ನೋಡಿ ಬರುತ್ತಿದ್ದಳು. ಮನೆಯಲ್ಲಿ ಇದನ್ನು ಹೆದರುಪುಕ್ಕಲಿನ ಚಾಳಿ ಅಂದುಕೊಂಡರು. "ಮತ್ತ ಮಾಳಿಗಿ ಹತ್ತಿದ್ಲು ನೋಡು" ಅಂತ ಬೈಗುಳ. ಆ ರಾತ್ರಿಯ ಬಗ್ಗೆ ಮಕ್ಕಳ ಜೊತೆ ಯಾರೂ ಕೂತು ಮಾತಾಡಲಿಲ್ಲ. ನೆನಪಿಸಿದರೆ ಹೆದರುತ್ತಾರೆ ಅನ್ನುವುದು ಅವ್ವನ ಎಣಿಕೆ. ತಾಯಿಯ ಮನಸ್ಸು, ಅರ್ಥವಾಗುತ್ತದೆ. ಆದರೆ ಹುಡುಗಿಗೆ ಗೊತ್ತಿದ್ದ ಒಂದು ಮುಖ್ಯ ವಿಷಯ ಹತ್ತು ವರ್ಷ ಮಾಳಿಗೆಯ ಮೇಲೇ ಉಳಿಯಿತು.

ವಿಷಯ ಇಷ್ಟೇ. ಹೊಳೆ ಏರಿದಾಗ ಅದರ ನೀರು ಹಳ್ಳದ ಬಾಯಿಗೆ ಒತ್ತುತ್ತದೆ. ಹಳ್ಳದ ನೀರಿಗೆ ಹೋಗಲು ಜಾಗ ಸಿಗದೆ ಹಿಂದಕ್ಕೆ ತುಂಬುತ್ತದೆ. ತಗ್ಗಿನ ಸೇತುವೆ ಮುಳುಗುವಾಗ ಮನೆಯ ಕಟ್ಟೆ ಇನ್ನೂ ಒಣಗಿಯೇ ಇರುತ್ತದೆ. ಮನೆಗೆ ನೀರು ಬರುವುದನ್ನು ಕಾಯುತ್ತಾ ಕುಳಿತವರಿಗೆ ಹೊರಡುವ ಹೊತ್ತಿಗೆ ದಾರಿ ಇರುವುದಿಲ್ಲ. ಸಣ್ಣ ಸಣ್ಣ ಪ್ರವಾಹಗಳಲ್ಲೂ ಸವಿತಾ ಇದನ್ನು ಮೇಲಿನಿಂದ ನೋಡಿದ್ದಳು. ಸೇತುವೆಯ ಈಚೆ ಒಂದು ಕಲ್ಲಿದೆ. ನೀರು ಅದರ ಬುಡ ಮುಟ್ಟಿದರೆ ಸ್ವಲ್ಪ ಹೊತ್ತಿನಲ್ಲೇ ದಾರಿ ಕಟ್ಟಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಇನ್ನೊಂದು ವಿವರ. 2009ರ ನಂತರ ಸರ್ಕಾರದ ಆಸರೆ ಯೋಜನೆಯಲ್ಲಿ ಹಳ್ಳದ ಆಚೆ ಎತ್ತರದಲ್ಲಿ ಈ ಕುಟುಂಬಕ್ಕೂ ಒಂದು ಮನೆ ಸಿಕ್ಕಿತ್ತು. ಚಿಕ್ಕ ಮನೆ. ದನ ಕಟ್ಟಲು ಜಾಗ ಇಲ್ಲ, ಹೊಲ ದೂರ, ಕಾಳು ಇಡಲು ಮೂಲೆಯಿಲ್ಲ. ಅದನ್ನು ಕಣಿಕೆ, ಹೊಟ್ಟು ಹಾಕಲು ಬಳಸಿದರು, ವಾಸ ಹಳೆಯ ಮನೆಯಲ್ಲೇ ಮುಂದುವರಿಯಿತು. ಆ ಭಾಗದಲ್ಲಿ ಹೀಗೆ ಮಾಡಿದವರು ಇವರೊಬ್ಬರೇ ಅಲ್ಲ.

2019: ಗೆರೆಯನ್ನು ನಂಬಿದ ಒಂದು ದಿನ

ಅದಕ್ಕೂ ಮೊದಲಿನ ವರ್ಷಗಳು ಬರದ ವರ್ಷಗಳು. ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಿ ಅಂತ ನರಗುಂದದಲ್ಲಿ 2015ರಿಂದ ರೈತರು ಧರಣಿ ಕುಳಿತಿದ್ದರು. ಹೊಳೆಯಲ್ಲಿ ನೀರು ನೋಡುವುದೇ ಅಪರೂಪವಾಗಿತ್ತು. ಅಂಥ ಹೊತ್ತಿನಲ್ಲಿ ನೆರೆ ಬರುತ್ತದೆ ಅಂದರೆ ಯಾರು ನಂಬುತ್ತಾರೆ?

2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ಕ್ಕೆ. ಆಶ್ಲೇಷ ಮಳೆ. ಘಟ್ಟದ ಮೇಲೆ, ಖಾನಾಪುರದ ಕಡೆ ಭಾರಿ ಮಳೆಯಾಗಿ ಅಣೆಕಟ್ಟಿಗೆ ನೀರು ನುಗ್ಗುತ್ತಿತ್ತು. ಊರಿನಲ್ಲಿ ಮಾತ್ರ ಜಿಟಿಜಿಟಿ ಅಷ್ಟೇ. ಪಂಚಮಿಯ ಮರುದಿನ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಬಂದು, ಹೊಳೆಗೆ ನೀರು ಬಿಡುತ್ತಾರೆ, ದಂಡೆಯವರು ಎತ್ತರಕ್ಕೆ ಹೋಗಿ ಎಂದು ಸಾರಿದರು.

ಈ ಪ್ರಕರಣದ ಮೊದಲ ತಿರುವು ಇದು. ಸಾರಿದ್ದನ್ನು ಮನೆಯವರು ಕೇಳಲಿಲ್ಲ ಅಂತಲ್ಲ, ಕೇಳಿದರು. ಕೇಳಿ, ಗೆರೆಯ ಪ್ರಕಾರ ಸಿದ್ಧತೆ ಮಾಡಿದರು. ಬೀಜದ ಚೀಲ, ಟಿವಿ, ಹಾಸಿಗೆ, ಉಂಡಿಯ ಡಬ್ಬಿ ಎಲ್ಲ ಅಟ್ಟಕ್ಕೇರಿದವು. ಒಂದು ಇಡೀ ದಿನ ಇದರಲ್ಲೇ ಹೋಯಿತು. ಸಾಮಾನು ಎತ್ತುವವರಿಗೆ ತಾವು ನೆರೆಗೆ ತಯಾರಾಗುತ್ತಿದ್ದೇವೆ ಅನ್ನುವ ಸಮಾಧಾನ ಇರುತ್ತದೆ. ಇಲ್ಲಿ ಆ ಸಮಾಧಾನವೇ ಅಡ್ಡ ಬಂತು. ದಾರಿ ತೆರೆದಿದ್ದ ಅತ್ಯಂತ ಒಳ್ಳೆಯ ಹೊತ್ತು ಅಟ್ಟ ತುಂಬುವುದರಲ್ಲಿ ಕಳೆಯಿತು.

2009ರ ನೆನಪು ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸಿತು. ಆಗ ನೀರು ತಲೆಯ ಮೇಲಿನ ಮಳೆಯಿಂದಲೇ ಬಂದಿತ್ತು. ಹಾಗಾಗಿ ಎಲ್ಲರೂ ಆಕಾಶ ನೋಡಿದರು. ಆಕಾಶ ಸುಮ್ನೆ ಮೋಡ ಕಟ್ಟಿತ್ತು, ಅಷ್ಟೇ. ಈ ಸಲ ನೀರು ಬರಬೇಕಾದ್ದು ಮೇಲಿನ ಅಣೆಕಟ್ಟಿನಿಂದ. ಅದು ಊರು ತಲುಪಲು ಗಂಟೆಗಟ್ಟಲೆ ಬೇಕು. ಆ ಗಂಟೆಗಳು ಕೈಯಲ್ಲಿವೆ ಅಂತ ಯಾರಿಗೂ ಹೊಳೆಯಲಿಲ್ಲ.

ಆಗಸ್ಟ್ 7ರ ಬೆಳಿಗ್ಗೆ ಸವಿತಾ ತನ್ನ ಸೋದರಮಾವನಿಗೆ ಫೋನ್ ಮಾಡಿದಳು. ಅವರ ಊರು ಅಣೆಕಟ್ಟಿಗೆ ಹತ್ತಿರ. "ನಮ್ಮ ಊರಾಗ ಹೊಳಿ ಸಾಲಿ ಗ್ವಾಡಿಗೆ ಬಂದೈತವಾ, ನೀವೇನು ಇನ್ನೂ ಮನ್ಯಾಗ ಅದೀರೇನು?" ಅಂದರು ಮಾವ. ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಮೈಕಿನಲ್ಲಿ ಕೇಳಿ ಅಲುಗದ ಅಪ್ಪ ಭಾವನ ಒಂದು ಮಾತಿಗೆ ಎದ್ದು ನಿಂತರು. ತಮ್ಮವರೇ ಆದ ಒಬ್ಬರು, ಕಣ್ಣಿಂದ ನೋಡಿದ್ದನ್ನು ಹೇಳಿದ್ದರು.

ಅಜ್ಜ ಒಪ್ಪಲಿಲ್ಲ. "ಸುಮ್ ಕುಂದ್ರವಾ, ಗೆರಿ ಇನ್ನೂ ಎಷ್ಟು ಮ್ಯಾಲೈತಿ ನೋಡು" ಅಂದರು. ಜೀವದ ಬಗ್ಗೆ ಹೇಳಿದರೆ, "ನನಗೇನಾಗಬೇಕೈತಿ ಈ ವಯಸ್ಸಿನಾಗ" ಅನ್ನುತ್ತಿದ್ದರು. ಅಪ್ಪ ಜೋರು ಮಾಡಿದಷ್ಟೂ ಅವರು ಕಟ್ಟೆ ಬಿಟ್ಟು ಏಳಲಿಲ್ಲ.

ಎರಡನೇ ತಿರುವು ಇಲ್ಲಿದೆ. ನಾನು ಈ ಪ್ರಕರಣವನ್ನು ಎಲ್ಲರಿಗೂ ಹೇಳಬೇಕು ಅಂದುಕೊಂಡದ್ದು ಇದಕ್ಕಾಗಿಯೇ. ಸವಿತಾ ಮಾಳಿಗೆ ಹತ್ತಿ ಇಳಿದು ಬಂದಳು. ಜೀವದ ಮಾತು ಎತ್ತಲಿಲ್ಲ. "ಅಜ್ಜಾ, ಕಲ್ಲಿನ ಬುಡಕ್ಕ ನೀರು ಬಂದೈತಿ. ಇನ್ನೊಂದು ತಾಸಿಗೆ ಎಮ್ಮಿ ದಾಟಂಗಿಲ್ಲ. ಆವತ್ತು ಕಟ್ಟಿದ್ದು ಒದರಿದ್ದು ನನಗ ಇನ್ನೂ ಕೇಳಸ್ತೈತಿ" ಅಂದಳು. ಹತ್ತು ವರ್ಷದಲ್ಲಿ ಆ ಮನೆಯಲ್ಲಿ ಆ ಎಮ್ಮೆಯ ಮಾತು ಬಂದದ್ದು ಅದೇ ಮೊದಲು. ಅಜ್ಜ ಏನೂ ಅನ್ನದೆ ಎದ್ದು ಹೋಗಿ ಎಮ್ಮೆಗಳ ಹಗ್ಗ ಬಿಚ್ಚಿದರು.

ಎರಡು ಎಮ್ಮೆ, ಒಂದು ಕರು, ಅವುಗಳ ಹಿಂದೆ ಅವ್ವ, ಸವಿತಾ, ತಮ್ಮ. ಅಜ್ಜಿಯನ್ನು ಪಕ್ಕದವರ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕೂರಿಸಿದರು. ಸೇತುವೆಯ ಮೇಲೆ ಆಗಲೇ ನೀರು ಹರಿಯುತ್ತಿತ್ತು. ಎಮ್ಮೆಗಳು ಹೆಜ್ಜೆ ಇಡಲು ಹಿಂಜರಿದವು, ಆದರೂ ದಾಟಿದವು.

ಅಪ್ಪ, ಅಜ್ಜ ಎತ್ತು, ಮೇವು ತರುತ್ತೇವೆ ಅಂತ ಹಿಂದೆ ಉಳಿದಿದ್ದರು. ಅವರು ಗಾಡಿ ಹೂಡಿಕೊಂಡು ಬರುವಷ್ಟರಲ್ಲಿ ಸೇತುವೆ ಕಾಣುತ್ತಿರಲಿಲ್ಲ. ಎತ್ತುಗಳನ್ನು ಬಿಚ್ಚಿ ಊರ ನಡುವಿನ ಗುಡಿಯ ದಿಬ್ಬಕ್ಕೆ ಅಟ್ಟಿದರು. ಆ ರಾತ್ರಿ ತಾವಿಬ್ಬರೂ ಮಾಳಿಗೆಯ ಮೇಲೆ ಕಳೆದರು. ನೀರು ಗೆರೆ ದಾಟಿತು, ಅಟ್ಟವನ್ನೂ ಮುಟ್ಟಿತು. ಎತ್ತಿಟ್ಟ ಬೀಜ, ಹಾಸಿಗೆ ಎಲ್ಲ ನೆನೆದವು. ಮಣ್ಣಿನ ಮಾಳಿಗೆ ಕಾಲಡಿಯಲ್ಲಿ ಮೆತ್ತಗಾಗುತ್ತಿತ್ತು. ಮರುದಿನ ರಕ್ಷಣೆಗೆ ಬಂದ ದೋಣಿಯಲ್ಲಿ ಇಬ್ಬರೂ ಹೊರಗೆ ಬಂದರು. ಎತ್ತುಗಳೂ ಉಳಿದವು.

ನೀರು ಇಳಿದ ಮೇಲೆ

ಮೇವು ತುಂಬಿದ್ದ ಆಸರೆ ಮನೆ ಆ ವಾರ ಮೂರು ಕುಟುಂಬಗಳ ಮನೆಯಾಯಿತು. ಇದ್ದ ಹೊಟ್ಟು, ಕಣಿಕೆಯೇ ಎಮ್ಮೆಗಳ ಹೊಟ್ಟೆ ತುಂಬಿಸಿತು. ಅಲ್ಲಿ ಮೇವಿಲ್ಲದಿದ್ದರೆ ದನ ಹಿಡಿದುಕೊಂಡು ಅಜ್ಜ ಎರಡೇ ದಿನಕ್ಕೆ ಹಳೆಯ ಊರಿಗೆ ಹೊರಟುಬಿಡುತ್ತಿದ್ದರು ಅಂತ ಅವ್ವ ಹೇಳುತ್ತಾಳೆ. ನಾನೂ ನಂಬುತ್ತೇನೆ.

ಅಲ್ಲೇ, ಗೋಣಿಚೀಲದ ಮೇಲೆ ಮಲಗಿದ್ದಾಗ, ಮನೆಯವರು ಮೊದಲ ಸಲ 2009ರ ಆ ರಾತ್ರಿಯ ಬಗ್ಗೆ ಮಾತಾಡಿದರು. ತಮ್ಮ ಆಗ ತೀರಾ ಚಿಕ್ಕವನು, ಅವನಿಗೇನೂ ನೆನಪಿಲ್ಲ ಅಂದುಕೊಂಡಿದ್ದರು. ಅವನು ಹುಳಿತ ಜೋಳದ ನಾತದ ಬಗ್ಗೆ ಹೇಳಿದ. ಮಾಳಿಗೆಯ ಮೇಲೆ ಅಪ್ಪ ತನ್ನ ಕಿವಿ ಮುಚ್ಚಿ ಹಿಡಿದಿದ್ದನ್ನೂ ಹೇಳಿದ. ಅಪ್ಪನಿಗೇ ಅದು ಮರೆತುಹೋಗಿತ್ತು. ಸವಿತಾಗೆ ಆಮೇಲೆ ಮಳೆಯ ರಾತ್ರಿಗಳು ಸ್ವಲ್ಪ ಹಗುರವಾದವು. ಮಾತಾಡಿದ್ದರಿಂದಲೋ, ಎಮ್ಮೆಗಳು ಉಳಿದದ್ದರಿಂದಲೋ, ಅವಳೇ ಹೇಳಲಾರಳು.

ಮನೆ ಬಿದ್ದದ್ದು ನೀರು ಇಳಿದ ಮೇಲೆ. ಮಣ್ಣಿನ ಗೋಡೆಗಳ ಸ್ವಭಾವವೇ ಹಾಗೆ. ನೀರಿನಲ್ಲಿ ನಿಂತಿರುತ್ತವೆ, ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಟ್ಟು ಕುಸಿಯುತ್ತವೆ. ಸಮೀಕ್ಷೆಗೆ ಬಂದವರು ನೋಡಿದಾಗ ಹಿಂದಿನ ಗೋಡೆ ಮಾತ್ರ ಬಿದ್ದಿತ್ತು, ಭಾಗಶಃ ಹಾನಿ ಅಂತ ಬರೆದುಕೊಂಡರು. ಮುಂದಿನ ದಿನಗಳಲ್ಲಿ ಪಡಸಾಲೆಯೂ ಕುಸಿಯಿತು. ತುರ್ತು ಪರಿಹಾರದ 10,000 ರೂಪಾಯಿ ಬಂತು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಘೋಷಿಸಿದ್ದ 5 ಲಕ್ಷಕ್ಕಾಗಿ ಅಪ್ಪ ಮತ್ತೆ ಮತ್ತೆ ಅರ್ಜಿ ಹಿಡಿದು ಓಡಾಡಬೇಕಾಯಿತು. ಸವಿತಾ ಮೊಬೈಲಿನಲ್ಲಿ ದಿನಕ್ಕೊಂದು ಫೋಟೋ ತೆಗೆದಿಟ್ಟಿದ್ದಳು, ಯಾವ ಗೋಡೆ ಯಾವತ್ತು ಬಿತ್ತು ಅಂತ ತೋರಿಸಲು ಅವು ಬಂದವು. ಮರುಪರಿಶೀಲನೆ ಆಗಿ ಕೊನೆಗೆ ಹಾನಿಯ ವರ್ಗ ಬದಲಾಯಿತು. ಮಣ್ಣಿನ ಮನೆಗಳಿರುವ ಊರಿನಲ್ಲಿ ನೀರು ಇಳಿದ ಕೂಡಲೇ ಒಂದೇ ಸಲ ಸಮೀಕ್ಷೆ ಮಾಡಿ ಮುಗಿಸುವುದು ಅನ್ಯಾಯ. ಎಷ್ಟೋ ಮನೆಗಳಲ್ಲಿ ಫೋಟೋ ತೆಗೆಯುವ ಸವಿತಾ ಇರುವುದಿಲ್ಲ, ಅಲ್ವಾ?

ಈ ಮನೆಯಿಂದ ನನಗೆ ಕಂಡದ್ದು

ಅಜ್ಜನ ಗೆರೆ ಸುಳ್ಳಾಗಿರಲಿಲ್ಲ. 2009ರ ನೀರು ಅಲ್ಲಿಯ ತನಕವೇ ಬಂದಿತ್ತು. ಆದರೆ ಗೆರೆ ಹೇಳುವುದು ಒಂದು ನೆರೆಯ ಎತ್ತರ ಮಾತ್ರ. ಮುಂದಿನ ನೆರೆ ಎಲ್ಲಿಂದ ಬರುತ್ತದೆ, ಎಷ್ಟು ಬೇಗ ಬರುತ್ತದೆ, ಮೊದಲು ಏನನ್ನು ಮುಚ್ಚುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ಹುಡುಗಿಗೆ ಎತ್ತರ ಗೊತ್ತಿರಲಿಲ್ಲ, ಯಾವುದರ ನಂತರ ಯಾವುದು ಅನ್ನುವುದು ಗೊತ್ತಿತ್ತು. ಹೊರಡುವವರಿಗೆ ಬೇಕಾದ್ದು ಅದೇ.

ಮಕ್ಕಳ ನೆನಪಿನಲ್ಲಿ ಹೆದರಿಕೆ ಬೆರೆತಿರುತ್ತದೆ, ಹಾಗಾಗಿ ದೊಡ್ಡವರು ಅದನ್ನು ಬದಿಗಿಡುತ್ತಾರೆ. ಆದರೆ ಆ ಹೊತ್ತಿನಲ್ಲಿ ದೊಡ್ಡವರು ಸಾಮಾನು, ಸಾಲ, ಕಾಳು ನೋಡುತ್ತಿರುತ್ತಾರೆ. ಮಕ್ಕಳಿಗೆ ಕೆಲಸವಿರುವುದಿಲ್ಲ, ಅವರು ನೀರನ್ನೇ ನೋಡುತ್ತಿರುತ್ತಾರೆ. ನೆರೆ ಬಂದ ಊರಿನಲ್ಲಿ ಕೆಲಸ ಮಾಡುವ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿಯವರು ಮಕ್ಕಳನ್ನು ಕೂರಿಸಿಕೊಂಡು "ಮೊದಲು ಏನು ಕಂಡಿರಿ, ಆಮೇಲೆ ಏನಾಯಿತು" ಅಂತ ಕೇಳಿ ಬರೆದಿಟ್ಟುಕೊಳ್ಳಬೇಕು. ಒತ್ತಾಯ ಬೇಡ. ಹೇಳಲು ಬಯಸುವ ಮಗು ಹೇಳಿಯೇ ಹೇಳುತ್ತದೆ.

ದನದ ವಿಷಯವನ್ನು ಹಗುರವಾಗಿ ನೋಡಬಾರದು. ಹೊರಡಿ ಅಂತ ಸಾರುವವರು ದನಗಳನ್ನು ಎಲ್ಲಿಗೆ ಒಯ್ಯಬೇಕು, ಅಲ್ಲಿ ಮೇವು ಇದೆಯೇ ಅನ್ನುವುದನ್ನೂ ಅದೇ ಮೈಕಿನಲ್ಲಿ ಹೇಳಿದರೆ ಅಜ್ಜನಂಥವರು ಬೇಗ ಏಳುತ್ತಾರೆ. ಎಮ್ಮೆಗಾಗಿ ಎದ್ದವರ ಹಿಂದೆ ಇಡೀ ಮನೆ ಹೊರಡುತ್ತದೆ.

2020ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ದಂಡೆ ಮೀರಿತು. ಈ ಸಲ ಮಾವನ ಫೋನ್ ಬಂದ ದಿನವೇ ಅಜ್ಜ ಎಮ್ಮೆ ಹೊಡೆದುಕೊಂಡು ಮೊದಲು ಹಳ್ಳ ದಾಟಿದರು. ಎತ್ತು, ಮೇವು ಅವರ ಬೆನ್ನಿಗೇ ಬಂದವು. ಮನೆಯವರು ಈಗ ಪಂಚಮಿಯಿಂದ ಹಸ್ತ ಮಳೆ ಮುಗಿಯುವ ತನಕ ಅಜ್ಜಿ, ಕಾಗದಪತ್ರ, ಬೀಜ ಮತ್ತು ಒಂದಿಷ್ಟು ಮೇವನ್ನು ಆಸರೆ ಮನೆಯಲ್ಲಿ ಇಡುತ್ತಾರೆ, ಉಳಿದವರು ಹಳೆಯ ಊರಿನಲ್ಲಿ ಹೊಲ ನೋಡಿಕೊಳ್ಳುತ್ತಾರೆ. ಪೂರ್ತಿ ಸ್ಥಳಾಂತರ ಆಗಬೇಕು ಅನ್ನುವವರಿಗೆ ಇದು ಅರೆಬರೆ ಅನ್ನಿಸಬಹುದು. ನನಗೆ ಇದು ಬುದ್ಧಿವಂತಿಕೆಯ ಏರ್ಪಾಟು ಅನ್ನಿಸುತ್ತದೆ, ಹೊಲ ಇರುವ ಕಡೆ ಬದುಕಿರುತ್ತದೆ. ಆಸರೆ ಮನೆಯ ಪಕ್ಕದಲ್ಲಿ ಅಪ್ಪ ಎರಡು ಎಮ್ಮೆಗೆ ಸಾಕಾಗುವಷ್ಟು ತಗಡಿನ ಮಾಡು ಹಾಕಿದ್ದಾರೆ. ಎತ್ತುಗಳಿಗೆ ಅಲ್ಲಿ ಇನ್ನೂ ಜಾಗವಿಲ್ಲ. ಹಳ್ಳದ ಸೇತುವೆಯನ್ನು ಎತ್ತರಿಸಿ ಅಂತ ಓಣಿಯವರೆಲ್ಲ ಸಹಿ ಹಾಕಿ ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಅದರ ಒಂದು ಪ್ರತಿ ಸವಿತಾಳ ಹತ್ತಿರ ಇದೆ, ಪ್ರತಿ ಗ್ರಾಮಸಭೆಗೂ ಅವಳು ಅದನ್ನು ಒಯ್ಯುತ್ತಾಳೆ.